ಸ್ಪೀಡ್ ಮತ್ತು ಅವಸರ

ತರಗತಿಯ ಅನುವಾದ ಪರೀಕ್ಷೆಯಲ್ಲಿ ‘ಗಾಡ್ ಸ್ಪೀಡ್ ಯೂ’ ಎಂಬುದಕ್ಕೆ ‘ದೇವರು ನಿನಗೆ ಶುಭವನ್ನುಂಟುಮಾಡಲಿ’ ಎಂದು ಬರೆದಿದ್ದ ವಿದ್ಯಾರ್ಥಿನಿಯೊಬ್ಬಳ ವಾಕ್ಯಕ್ಕೆ ಕೆಂಪು ಗೆರೆ ಎಳೆದುಬಿಟ್ಟೆ. ವೇಗವೆಲ್ಲಿ ಹೋಯಿತೆಂಬುದು ನನ್ನ ಆಕ್ಷೇಪ. ರಾತ್ರಿ ನಿಘಂಟನ್ನು ತೆರೆದಾಗ ನಾಚಿಕೆಯಾಯಿತು. ಹಳೆಯ ಇಂಗ್ಲಿಷಿನ ‘ಸ್ಪೇಡ್’ ಎಂದರೆ ಮೊದಲಿಗೆ ಏಳಿಗೆ, ಕಾರ್ಯಸಿದ್ಧಿ. ವೇಗವೆಂಬ ಅರ್ಥ ತರುವಾಯ ಅಂಟಿಕೊಂಡದ್ದು. ‘ಮೋರ್ ಹೇಸ್ಟ್, ಲೆಸ್ ಸ್ಪೀಡ್’ ಎಂಬ ಗಾದೆಯಲ್ಲಿಯೂ ಮೂಲತಃ ಸ್ಪೀಡ್ ಎಂದರೆ ಓಟವಲ್ಲ, ಕೈಗೂಡುವಿಕೆ. ಹಾಗಲ್ಲದಿದ್ದರೆ ಆ ಗಾದೆಗೆ ತಲೆಬುಡವೆಲ್ಲಿ?

ನಮ್ಮ ‘ಅವಸರ’ವೂ ಇಂಥದೇ ದಾರಿ ಹಿಡಿದಿದೆ. ಸಂಸ್ಕೃತದಲ್ಲಿ ಅದು ತಕ್ಕ ಸಮಯ, ಸಂದರ್ಭ. ಹಿಂದಿಯವರಿಗೆ ಇಂದಿಗೂ ಹಾಗೆಯೇ. ತೆಲುಗರಲ್ಲಿ ಅದು ಅಗತ್ಯವಾಯಿತು; ನಮ್ಮಲ್ಲಿಯೂ ತಮಿಳರಲ್ಲಿಯೂ ಗಡಿಬಿಡಿ. ಒದಗಿದ ಸಮಯವು ಕೈತಪ್ಪೀತೆಂಬ ಕಳವಳವೇ ಈ ಮಾರ್ಪಾಡಿಗೆ ಕಾರಣವಿದ್ದೀತೆಂದು ನನ್ನ ಊಹೆ. ರೋಗಿಯೆಂಬ ಅರ್ಥದಿಂದ ಹೊರಟ ‘ಆತುರ’ದ ಕಥೆ ಬೇರೆಯೇ ಇದೆ, ಅದು ಇನ್ನೊಮ್ಮೆ.

ಮರುದಿನ ತರಗತಿಯಲ್ಲಿಯೇ ತಪ್ಪೊಪ್ಪಿಕೊಂಡು ಅವಳ ಅಂಕಗಳನ್ನು ಸೇರಿಸಿದೆ. ತಾತನ ಕಾಲದ ನಿಘಂಟೊಂದನ್ನು ಅವಳು ನೋಡಿಕೊಂಡು ಬಂದಿದ್ದಳಂತೆ. ಆ ಸಂಜೆ ನಾನು 30 ಪತ್ರಿಕೆಗಳನ್ನು ಒಂದೇ ಗಂಟೆಯಲ್ಲಿ ತಿದ್ದಿ ಮುಗಿಸಿದ್ದೆ. ಉಳಿದ 29ನ್ನೂ ಮರಳಿ ಕೇಳಿ ತೆಗೆದುಕೊಂಡೆ.