ಎಷ್ಟು ಗ್ರಾಂ ಎಂದು ಕೇಳಬೇಡಿ

ನಾಟಿಂಗ್‌ಹ್ಯಾಮ್‌ನಲ್ಲಿ ಗಾಜು, ಬೆಳ್ಳಿ, ತಾಮ್ರಗಳಲ್ಲಿ ಒಡವೆ ಮಾಡುವ ಕನ್ನಡಿಗರು ನಾವು. ಇಂದಿನಿಂದ ನಮ್ಮ ಒಡವೆಯ ಬೆಲೆಯನ್ನು ತೂಕದ ಲೆಕ್ಕದಲ್ಲಿ ಹೇಳುವುದಿಲ್ಲ.

ನಮ್ಮವರು ಒಡವೆ ಕಂಡೊಡನೆ ಕೇಳುವುದು ‘ಎಷ್ಟು ಗ್ರಾಂ?’ ಎಂದು. ಚಿನ್ನದ ದರಕ್ಕೆ ತುಟಿಪಿಟಕ್ಕೆನ್ನದವರು ಮೇಕಿಂಗ್ ಚಾರ್ಜಿಗೆ ಮಾತ್ರ ಜಗ್ಗಾಡುತ್ತಾರೆ. ಹಾಗೆ ಕೊಂಡದ್ದು ಮದುವೆಗೊಮ್ಮೆ ಹೊರಬಂದು ಮತ್ತೆ ಲಾಕರ್ ಸೇರುತ್ತದೆ. ಉಳಿತಾಯ ಬೇಡವೆನ್ನಲು ನಾವು ಯಾರು? ಆದರೆ ನಾವು ಮಾಡುವುದು ತೊಡುವುದಕ್ಕೆ.

ಕೈಕೆಲಸಕ್ಕೆ ನ್ಯಾಯದ ಕೂಲಿ ಕೇಳುವುದು ಈ ಸೀಮೆಗೆ ಹೊಸದೇನಲ್ಲ. 1811ರ ಮಾರ್ಚ್‌ನಲ್ಲಿ ಪಕ್ಕದ ಆರ್ನಾಲ್ಡ್‌ನಲ್ಲಿ ಕಾಲುಚೀಲ ಹೆಣೆಯುವವರು ಹೆಣಿಗೆ ಯಂತ್ರಗಳನ್ನು ಒಡೆದರು. ಯಂತ್ರದ್ವೇಷಿಗಳೆಂಬ ಹೆಸರು ಅವರಿಗೆ ಅಂಟಿಕೊಂಡಿತು. ಆದರೆ ಅವರ ಸಿಟ್ಟಿದ್ದದ್ದು ಕೂಲಿ ಕಡಿತದ ಮೇಲೆ, ಕಳಪೆ ಮಾಲಿನ ಮೇಲೆ. ನಮ್ಮ ಸಿಟ್ಟೂ ಅದೇ. ಗ್ಯಾಸ್ ಟಾರ್ಚನ್ನೂ ಕರೆಂಟಿನ ಕುಲುಮೆಯನ್ನೂ ಖುಷಿಯಿಂದ ಬಳಸುತ್ತೇವೆ.

ಮುದ್ರೆ ನೋಡಿಯೂ ಬೆಲೆ ಕಟ್ಟಲಾಗದು. ಲೋಹ ಪರೀಕ್ಷಿಸುವ ಬರ್ಮಿಂಗ್‌ಹ್ಯಾಮ್‌ನ ಅಸ್ಸೇ ಆಫೀಸು 1773ರಿಂದ ಬೆಳ್ಳಿಯ ಮೇಲೆ ಲಂಗರಿನ ಮುದ್ರೆ ಒತ್ತುತ್ತಿದೆ. ಅದು ಲೋಹದ ಶುದ್ಧತೆಗೆ ಸಾಕ್ಷಿ, ಕುಸುರಿಗಲ್ಲ. 7.78 ಗ್ರಾಂಗಿಂತ ಹಗುರವಾದ ಬೆಳ್ಳಿಗೆ ಇಲ್ಲಿನ ಕಾನೂನೂ ಮುದ್ರೆ ಕೇಳುವುದಿಲ್ಲ.

ನಾವು ಗಾಜನ್ನು ಲೋಹಕ್ಕೆ ಬೆಸೆಯುವುದಿಲ್ಲ. ಬಿಸಿಗೆ ತಾಮ್ರವು ಸಾಮಾನ್ಯ ಗಾಜಿನ ಸುಮಾರು ಎರಡರಷ್ಟು ಹಿಗ್ಗುತ್ತದೆ. ದಪ್ಪ ತಾಮ್ರಕ್ಕೆ ಗಾಜನ್ನು ಬೆಸೆದರೆ ತಣಿಯುವಾಗ ಸಿಡಿಯುತ್ತದೆ. ಹಾಗಾಗಿ ಗಾಜಿನ ಮಣಿಯನ್ನು 500 ಡಿಗ್ರಿಯ ಆಸುಪಾಸಿನಿಂದ ನಿಧಾನಕ್ಕೆ ತಣಿಸಿ, ಬೆಳ್ಳಿಯ ಕಟ್ಟಿನಲ್ಲಿ ಕೂರಿಸುತ್ತೇವೆ. ಒಡೆದರೆ ಕಟ್ಟು ಬಿಡಿಸಿ ಬೇರೆ ಗಾಜು ಹಾಕಬಹುದು. ರಿಪೇರಿಗೆ ಬಾರದ್ದನ್ನು ಮಾರುವುದಿಲ್ಲ.

ಇನ್ನೊಂದು ಮಾತು, ನಮಗೆ ಎಲ್ಲಕ್ಕಿಂತ ಮುಖ್ಯವಾದದ್ದು. ಸೀಮಂತದಲ್ಲಿ ಹಸಿರು ಗಾಜಿನ ಬಳೆ ತೊಡಿಸಿಕೊಂಡ ಕೈಯ ಮೇಲೆಯೇ, ಗಂಡ ತೀರಿಕೊಂಡಾಗ ಬಳೆ ಒಡೆಸುವ ಪದ್ಧತಿ ನಮ್ಮಲ್ಲಿ ಇನ್ನೂ ಸತ್ತಿಲ್ಲ. ಹಿರಿಯರು ಬೇಸರಪಟ್ಟುಕೊಂಡರೂ ಸರಿ, ನಾವಿದನ್ನು ಒಪ್ಪುವುದಿಲ್ಲ. ಗಂಡನನ್ನು ಕಳೆದುಕೊಂಡವಳಿಗೆ, ಮದುವೆಯೇ ಬೇಡವೆಂದವಳಿಗೆ, ತೊಡಬೇಕೆನಿಸಿದ ಗಂಡಸಿಗೆ, ಎಲ್ಲರಿಗೂ ಕೇಳಿದ ಬಣ್ಣದಲ್ಲೇ ಬಳೆ ಮಾಡಿಕೊಡುತ್ತೇವೆ. ಹಸಿರೂ ಸೇರಿ.

ನಮ್ಮೊಡನೆ ಸೇರುವವರು ಮನೆಯಲ್ಲಿರುವ ಬಳೆಚೂರು ತನ್ನಿ. ಅದನ್ನು ಕರಗಿಸಿ ನಮ್ಮ ಗಾಜಿಗೆ ಬೆರೆಸಲಾಗದು. ಗುಣ ತಿಳಿಯದ ಗಾಜು ಹೊಂದದೆ ಬಿರಿಯಬಹುದು. ಅಂಚು ಉಜ್ಜಿ, ಇದ್ದ ಹಾಗೆಯೇ ಬೆಳ್ಳಿಯಲ್ಲಿ ಕೂರಿಸುವುದು ಮೊದಲ ಪಾಠ. ಮಾರುವಾಗ ಬಿಲ್ಲಿನಲ್ಲಿ ಎರಡೇ ಸಾಲು ಇರಲಿ, ಕೂಲಿ ಮತ್ತು ಸಾಮಗ್ರಿ. ಕೂಲಿಯನ್ನು ಮೇಲೆ ಬರೆಯಿರಿ.