ಮೊದಲ ಪುಸ್ತಕಕ್ಕೆ ಯಾಕಿಷ್ಟು ಅವಸರ?

ಬರೆಯಲು ತೊಡಗಿದವರು ಕೇಳುವ ಮೊದಲ ಪ್ರಶ್ನೆ ಈಗ ಬದಲಾಗಿದೆ. ‘ನನ್ನ ಕಥೆ ಹೇಗಿದೆ’ ಎಂದು ಕೇಳುವುದಕ್ಕಿಂತ ಮುಂಚೆ ‘ಪುಸ್ತಕ ಮಾಡಿಸಲು ಎಷ್ಟಾಗುತ್ತದೆ’ ಎಂದು ಕೇಳುತ್ತಾರೆ. ಹೈದರಾಬಾದಿನ ಕನ್ನಡಿಗರಾದರೆ ಅದಕ್ಕೊಂದು ಬಾಲವೂ ಸೇರುತ್ತದೆ: ಬೆಂಗಳೂರಿನಲ್ಲಿ ಯಾರಾದರೂ ಪ್ರಕಾಶಕರು ಪರಿಚಯವೇ? ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸುವ ಮಾತಿದು. ಇವತ್ತು ಅಚ್ಚು ಹಾಕಿಸುವುದು ಕಷ್ಟವೇ ಅಲ್ಲ, ಕೈಯಲ್ಲಿ ದುಡ್ಡಿದ್ದರೆ ತಿಂಗಳೊಪ್ಪತ್ತಿನಲ್ಲಿ ಪುಸ್ತಕ ಬರುತ್ತದೆ. ಬಾರದಿರುವುದು ಓದುಗ. ಅವನು ಸಿಗುವುದು ಪತ್ರಿಕೆಗಳಲ್ಲಿ, ಒಂದೊಂದೇ ಬರಹದ ಮೂಲಕ. ಆದ್ದರಿಂದ ಹೊಸಬರು ಪುಸ್ತಕವನ್ನು ಕೊನೆಗಿಟ್ಟುಕೊಳ್ಳಬೇಕು ಎಂಬುದು ನನ್ನ ವಾದ.

ಇದಕ್ಕೆ ಒಳ್ಳೆಯ ಸಾಕ್ಷಿ ಇದೇ ಹೈದರಾಬಾದಿನ ತೆಲುಗರ ಚರಿತ್ರೆಯಲ್ಲಿದೆ. ಉರ್ದುವೇ ಆಡಳಿತ ಭಾಷೆಯಾಗಿದ್ದ ನಿಜಾಮರ ಕಾಲದಲ್ಲಿ, 1926ರಲ್ಲಿ ಸುರವರಂ ಪ್ರತಾಪ ರೆಡ್ಡಿ ಇಲ್ಲಿ ‘ಗೋಲಕೊಂಡ ಪತ್ರಿಕೆ’ ಶುರು ಮಾಡಿದರು. ತೆಲಂಗಾಣದಲ್ಲಿ ಕವಿಗಳೇ ಇಲ್ಲ ಎಂಬ ಮಾತು ಆಗ ಕೇಳಿಬಂತು. ರೆಡ್ಡಿಯವರು ಬೈಗುಳದ ಸಂಪಾದಕೀಯ ಬರೆದು ಸುಮ್ಮನಾಗಲಿಲ್ಲ. ಊರೂರಿನ ಕವಿಗಳಿಂದ ಪದ್ಯ ತರಿಸಿಕೊಂಡು 1934ರಲ್ಲಿ ‘ಗೋಲಕೊಂಡ ಕವುಲ ಸಂಚಿಕ’ ತಂದರು. ಅದರಲ್ಲಿದ್ದ ಕವಿಗಳು 354 ಮಂದಿ! ಅಷ್ಟು ಜನ ಒಮ್ಮೆಲೇ ಹುಟ್ಟಿಕೊಂಡವರಲ್ಲ. ಬರೆಯುತ್ತಲೇ ಇದ್ದರು, ಕಾಣುತ್ತಿರಲಿಲ್ಲ. ಅವರನ್ನು ಕಾಣಿಸಿದ್ದು ಅವರವರ ಖರ್ಚಿನ ಪುಸ್ತಕಗಳಲ್ಲ, ಒಂದು ಪತ್ರಿಕೆ. 1956ರವರೆಗೆ ಇದೇ ಹೈದರಾಬಾದಿನ ಆಡಳಿತದಲ್ಲಿದ್ದ ಬೀದರ, ಕಲಬುರ್ಗಿ, ರಾಯಚೂರಿನ ಕನ್ನಡಿಗರಿಗೆ ಈ ಕಥೆ ಬಿಡಿಸಿ ಹೇಳಬೇಕಿಲ್ಲ.

ಈಗ ಲೆಕ್ಕಕ್ಕೆ ಬರೋಣ. 500 ಪ್ರತಿ ಹಾಕಿಸಿದಿರಿ, ಪ್ರತಿಯೊಂದಕ್ಕೆ 80 ರೂಪಾಯಿ ಬಿತ್ತು ಎಂದಿಟ್ಟುಕೊಳ್ಳಿ. ಹೋಗಿದ್ದು 40,000. ಮುಖಬೆಲೆ 150. ಅಂಗಡಿ, ವಿತರಕರಿಗೆಂದು ಶೇಕಡ 40 ಬಿಟ್ಟರೆ ನಿಮ್ಮ ಕೈಗೆ ಬರುವುದು 90. ಹಾಕಿದ ದುಡ್ಡು ಮರಳಬೇಕಾದರೆ 445 ಪ್ರತಿ ಮಾರಬೇಕು. ಹೆಸರೇ ಕೇಳಿಲ್ಲದವರ ಕಥಾಸಂಕಲನವನ್ನು 445 ಜನ ಯಾಕೆ ಕೊಳ್ಳುತ್ತಾರೆ? ಗ್ರಂಥಾಲಯ ಇಲಾಖೆಯ ಸಗಟು ಖರೀದಿಯನ್ನು ನಂಬಿಕೊಂಡವರಿಗೆ, ಆ ಬಿಲ್ಲು ಯಾವಾಗ ಪಾಸಾಗುತ್ತದೆ ಎಂದು ಪಳಗಿದ ಪ್ರಕಾಶಕರನ್ನೇ ಕೇಳಿ ಎನ್ನಬಹುದು. ಕಟ್ಟು ಬಿಚ್ಚದ ಬಂಡಲುಗಳು ಮಂಚದಡಿ ಸೇರುತ್ತವೆ, ಗೃಹಪ್ರವೇಶಕ್ಕೆ ಹೋಗುವಾಗ ಒಂದೊಂದು ಹೊರಗೆ ಬರುತ್ತದೆ. ಇನ್ನೂ ಒಂದು ನಷ್ಟವಿದೆ. ಕನ್ನಡ ಪುಸ್ತಕ ಪ್ರಾಧಿಕಾರ ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುತ್ತದೆ. ಛಂದ ಪುಸ್ತಕ ಪ್ರಕಾಶನ ಹೊಸ ಕಥೆಗಾರರ ಅಪ್ರಕಟಿತ ಹಸ್ತಪ್ರತಿಗೆ ಬಹುಮಾನ ಕೊಟ್ಟು ತಾನೇ ಪ್ರಕಟಿಸುತ್ತದೆ. ಚೊಚ್ಚಲು ಎನ್ನುವುದು ಒಂದೇ ಸಲ. ಅವಸರಕ್ಕೆ ಅಚ್ಚು ಹಾಕಿಸಿದವರು ಈ ಎರಡು ಬಾಗಿಲನ್ನೂ ದುಡ್ಡು ಕೊಟ್ಟು ಮುಚ್ಚಿಸಿಕೊಂಡಂತೆ.

ಹಾಗಾದರೆ ಕಾದಂಬರಿಕಾರ ಗಳಗನಾಥರು ತಮ್ಮ ಪುಸ್ತಕ ತಾವೇ ಮಾರಲಿಲ್ಲವೇ ಎಂದು ಕೇಳುವವರಿದ್ದಾರೆ. ಮಾರಿದರು, ತಲೆಯ ಮೇಲೆ ಹೊತ್ತು ಊರೂರು ಅಲೆದು ಮಾರಿದರು. ಆದರೆ ‘ಸದ್ಬೋಧ ಚಂದ್ರಿಕೆ’ ಪತ್ರಿಕೆಯನ್ನು ನಡೆಸಿದವರೂ ಅವರೇ ಎಂಬುದನ್ನು ಮರೆಯಬಾರದು. ಆ ತಲೆಹೊರೆಯ ಹಿಂದೆ ಪತ್ರಿಕೆ ಕಟ್ಟಿಕೊಟ್ಟ ಓದುಗರಿದ್ದರು. ಧಾರವಾಡದಲ್ಲಿ 1933ರಲ್ಲಿ ಜಿ.ಬಿ. ಜೋಶಿ ಆರಂಭಿಸಿದ ಮನೋಹರ ಗ್ರಂಥಮಾಲೆಯದೂ ಇದೇ ದಾರಿ. ಮೊದಲು ಚಂದಾದಾರರು, ಆಮೇಲೆ ಪುಸ್ತಕ. ಕೀರ್ತಿನಾಥ ಕುರ್ತಕೋಟಿಯವರಂಥ ವಿಮರ್ಶಕರು ಅಲ್ಲಿ ಸಲಹೆಗಾರರಾಗಿದ್ದರು. ಹೆಸರಾಗಿರದ ಗಿರೀಶ ಕಾರ್ನಾಡರ ‘ಯಯಾತಿ’ 1961ರಲ್ಲಿ ಹೊರಬಂದದ್ದು ಅಲ್ಲಿಂದಲೇ. ಸ್ವಂತ ಪ್ರಕಟಣೆ ಪಾಪವಲ್ಲ. ಬೇರೊಬ್ಬರ ಕಣ್ಣು ಹಾಯದೆ, ಕೊಳ್ಳುವವರ ಸುಳಿವಿಲ್ಲದೆ ಅಚ್ಚಿಗೆ ಕಳಿಸುವುದು ತಪ್ಪು.

ಪತ್ರಿಕೆಗಳೇ ಸೊರಗಿವೆ, ಪುರವಣಿಯ ಪುಟ ಕಡಿಮೆಯಾಗಿದೆ, ಕಳಿಸಿದ್ದಕ್ಕೆ ಉತ್ತರ ಬರುವುದಿಲ್ಲ ಎಂಬ ಆಕ್ಷೇಪ ಮಾತ್ರ ನಿಜ. ‘ಪ್ರಜಾಮತ’ದಂಥವು ನಿಂತೇಹೋದವು. ಆದರೂ ‘ಮಯೂರ’, ‘ತುಷಾರ’, ‘ಸುಧಾ’ ಇವೆ, ದಿನಪತ್ರಿಕೆಗಳ ದೀಪಾವಳಿ ಕಥಾಸ್ಪರ್ಧೆಗಳಿವೆ, ‘ಕೆಂಡಸಂಪಿಗೆ’ಯಂಥ ಜಾಲತಾಣಗಳಿವೆ. ಫೇಸ್‌ಬುಕ್ಕಿನ ಮೆಚ್ಚುಗೆ ಸಾಲದೇ ಎಂದರೆ, ಸಾಲದು. ಅಲ್ಲಿ ಬರಹವನ್ನು ಬೇಡ ಎನ್ನುವವರಿಲ್ಲ, ಬೇಡ ಎನಿಸಿಕೊಳ್ಳದ ಬರಹ ಬಲಿಯುವುದಿಲ್ಲ. ಕಾಯುವುದರ ಫಲ ಬೇಕಿದ್ದರೆ ಬಾನು ಮುಷ್ತಾಕ್ ಅವರನ್ನು ನೋಡಿ. 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪಡೆದ ‘ಹಾರ್ಟ್ ಲ್ಯಾಂಪ್’ನ 12 ಕಥೆಗಳು 1990ರಿಂದ 2023ರವರೆಗೆ ಬರೆದಂಥವು. ಮೂವತ್ತು ವರ್ಷಗಳ ಫಸಲು ಅದು.

ಕಳಿಸುವ ರೀತಿಯಲ್ಲೇ ಅರ್ಧ ಬರಹಗಳು ಸೋಲುತ್ತವೆ. ಹಳೆಯ ನುಡಿ ಫಾಂಟಿನಲ್ಲಿ ಟೈಪಿಸಿದ ಕಥೆ ಸಂಪಾದಕರ ಕಂಪ್ಯೂಟರಿನಲ್ಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ತೆರೆದುಕೊಂಡರೆ ಅದನ್ನು ಓದುವವರು ಯಾರು? ಯೂನಿಕೋಡಿನಲ್ಲಿ ಕಳಿಸಿ. ಪತ್ರಿಕೆ ಹೇಳಿದ ಪದಮಿತಿ ಮೀರಬೇಡಿ. ಒಂದೇ ಕಥೆಯನ್ನು ನಾಲ್ಕು ಕಡೆ ಹಾಕಬೇಡಿ. ಅ-ಹ, ಅಲ್ಪಪ್ರಾಣ-ಮಹಾಪ್ರಾಣ ಬೆರೆತಿದ್ದರೆ ಮೊದಲ ಪುಟದಲ್ಲೇ ಸಂಪಾದಕರ ಕೈ ಸಡಿಲುತ್ತದೆ. ಹೈದರಾಬಾದಿನವರಿಗೆ ಇಲ್ಲಿ ಒಂದು ಮಾತು ಹೆಚ್ಚಿಗೆ ಹೇಳಬೇಕು. ದಿನವಿಡೀ ತೆಲುಗು, ದಖನಿ ಆಡುವ ಬಾಯಿಗೆ ಕನ್ನಡ ವಾಕ್ಯ ಎಲ್ಲಿ ಜಾರುತ್ತದೆ ಎಂಬುದು ತನಗೆ ತಾನೇ ಕಾಣುವುದಿಲ್ಲ, ಇನ್ನೊಬ್ಬರು ತಿದ್ದಬೇಕು. ಬೇಕೆಂದೇ ತಂದ ಗಡಿನಾಡಿನ ನುಡಿ ಬೇರೆ, ಅದು ಆಸ್ತಿ.

ಕಾಚಿಗುಡದಲ್ಲಿ ಕರ್ನಾಟಕ ಸಾಹಿತ್ಯ ಮಂದಿರವಿದೆ. ಅಲ್ಲಿ ತಿಂಗಳಿಗೊಮ್ಮೆ ನಾಲ್ಕು ಜನ ಕೂತು ಹೊಸಬರ ಒಂದು ಹಸ್ತಪ್ರತಿಯನ್ನು ಗಟ್ಟಿಯಾಗಿ ಓದಿ ದಾಕ್ಷಿಣ್ಯವಿಲ್ಲದೆ ಮಾತಾಡಿದರೆ, ಬೆಂಗಳೂರಿನ ಪರಿಚಯ ಮಾಡಲಾರದ ಉಪಕಾರವನ್ನು ಅದು ಮಾಡುತ್ತದೆ. ಹಿರಿಯರು ಇದನ್ನು ಶುರು ಮಾಡಲಿ. ಕಿರಿಯರು ಪುಸ್ತಕಕ್ಕೆಂದು ತೆಗೆದಿಟ್ಟ ನಲವತ್ತು ಸಾವಿರದಲ್ಲಿ ಒಂದಿಷ್ಟನ್ನು, ತಾವು ಅಚ್ಚಾಗಲು ಬಯಸುವ ಪತ್ರಿಕೆಯ ವರ್ಷದ ಚಂದಾಕ್ಕೆ ಕಟ್ಟಲಿ.