ಮೋರ್ಸ್ ಬರಲಿ, ಪರೀಕ್ಷೆ ಹೋಗಲಿ

ಹ್ಯಾಮ್ ರೇಡಿಯೋ ಲೈಸೆನ್ಸಿಗೆ ಮೋರ್ಸ್ ಪರೀಕ್ಷೆ ಬೇಡ ಎಂದು ಯಾರಾದರೂ ಬಾಯಿಬಿಟ್ಟರೆ ಸಾಕು, ಬೆಂಗಳೂರಿನಿಂದ ಸೇಲಂವರೆಗಿನ ಹಿರಿಯ ಹ್ಯಾಮ್‌ಗಳೆಲ್ಲ ಮುಗಿಬೀಳುತ್ತಾರೆ. ಅವರಲ್ಲಿ ಹಲವರ ಮೇಲೆ ನನಗೆ ಗುರುಭಾವನೆಯೇ ಇದೆ. ನಾನೂ ಮೋರ್ಸ್ ಕೀ ಮುಂದೆ ಕೂತರೆ ಊಟ ಮರೆಯುವವರ ಪೈಕಿ. ಆದರೂ ಅವರ ಒಂದೊಂದು ಮಾತಿಗೂ ಉತ್ತರ ಕೊಡಬೇಕೆನಿಸಿದೆ.

ಮೊದಲು ನಿಯಮ. 1978ರ ನಿಯಮಾವಳಿಯಲ್ಲಿ ಗ್ರೇಡ್ ಒಂದಕ್ಕೆ ನಿಮಿಷಕ್ಕೆ 12 ಪದ, ಗ್ರೇಡ್ ಎರಡಕ್ಕೆ 5 ಪದದ ಮೋರ್ಸ್ ವೇಗ ಬೇಕಿತ್ತು. 2009ರ ತಿದ್ದುಪಡಿಯಲ್ಲಿ ಎರಡೇ ದರ್ಜೆ ಉಳಿದವು. ಜನರಲ್‌ಗೆ 8 ಪದದ ಮೋರ್ಸ್. ರೆಸ್ಟ್ರಿಕ್ಟೆಡ್‌ಗೆ ಮೋರ್ಸ್ ಇಲ್ಲ, ಬದಲಿಗೆ ಬ್ಯಾಂಡೂ ಮೊಟಕು, ವಾಟೂ ಮೊಟಕು.

"ಮೋರ್ಸ್ ಬೇಡದವರಿಗೆ ರೆಸ್ಟ್ರಿಕ್ಟೆಡ್ ಇದೆಯಲ್ಲ, ಇನ್ನೇನು ಗೋಳು?" ಎನ್ನುವುದು ಮೊದಲ ಮಾತು. ಬೆಂಗಳೂರಿನಲ್ಲಿದ್ದವರು ಹಾಗೆ ಹೇಳಬಹುದು. ಅಲ್ಲಿ ರಿಪೀಟರ್ ಉಂಟು, ಕ್ಲಬ್ ಉಂಟು, ಕೈಯಲ್ಲಿನ ಹ್ಯಾಂಡಿ ಸೆಟ್ ಒತ್ತಿದರೆ ಯಾರಾದರೂ ಓಗೊಡುತ್ತಾರೆ. ನಮ್ಮ ಸಣ್ಣ ಊರು ರಾಯಕೋಟೆಗೆ ಬನ್ನಿ. ಟೊಮೆಟೊ ಮಂಡಿಯ ಮುಂದೆ ನಿಂತು ಅದೇ ಹ್ಯಾಂಡಿ ಒತ್ತಿ ನೋಡಿ. ವಿಎಚ್‌ಎಫ್ ಅಲೆ ಹೆಚ್ಚುಕಡಿಮೆ ಕಣ್ಣೋಟದಷ್ಟೇ ದೂರ ಹೋಗುವುದು. ಬೆಟ್ಟ ಅಡ್ಡ ಬಂದರೆ ಮುಗಿಯಿತು. 1791ರಲ್ಲಿ ಟಿಪ್ಪುವಿನ ಕೈತಪ್ಪಿ ಇಂಗ್ಲಿಷರ ಪಾಲಾದ ಕೋಟೆಯ ನೆತ್ತಿಗೆ ಹತ್ತಿ ಒತ್ತಿದರೆ ಮಾತೇ ಬೇರೆ, ಆದರೆ ದಿನಾ ಸಂಜೆ ಬೆಟ್ಟ ಹತ್ತಿ ಮಾತಾಡಲಾದೀತೆ? ಇಂಥ ಊರಿನವನಿಗೆ ಗತಿ ದೂರ ಸಾಗುವ ಎಚ್‌ಎಫ್. ಎರಡು ತೆಂಗಿನ ಮರಗಳ ನಡುವೆ ಸುಮಾರು 20 ಮೀಟರ್ ತಂತಿ ಎಳೆದು ನಡುವೆ ಕೇಬಲ್ ಬೆಸೆದರೆ 40 ಮೀಟರ್ ಬ್ಯಾಂಡಿನ ಡೈಪೋಲ್ ಸಿದ್ಧ. ಬೆಳಿಗ್ಗೆ ದಕ್ಷಿಣ ಭಾರತವೆಲ್ಲ ಕೇಳಿಸುತ್ತದೆ. ಊರು ಸಣ್ಣದಾದಷ್ಟೂ ಎಚ್‌ಎಫ್‌ನ ಅಗತ್ಯ ಹೆಚ್ಚು; ಅದನ್ನೇ ಮೊಟಕು ಮಾಡಿದರೆ ಪೆಟ್ಟು ಬೀಳುವುದು ರಾಯಕೋಟೆಯವನಿಗೆ, ಬೆಂಗಳೂರಿನವನಿಗಲ್ಲ.

ಇನ್ನೊಂದು ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಹೆಚ್ಚು ವಾಟ್ ಕೊಡಲು ಮೋರ್ಸ್ ಏಕೆ ಅಳತೆಗೋಲು? ಹೆಚ್ಚು ಪವರ್ ಹಾಕುವವನಿಗೆ ಅರ್ಥಿಂಗ್ ಗೊತ್ತಿರಬೇಕು. ಆಂಟೆನಾ ಹೊಂದಿಕೆಯಾಗದೆ ಎಸ್‌ಡಬ್ಲ್ಯುಆರ್ ಏರಿದರೆ ಏನು ಸುಟ್ಟೀತು, ಪಕ್ಕದ ಮನೆಯ ಟಿವಿಯಲ್ಲಿ ಗೆರೆ ಬಂದರೆ ಯಾವ ಫಿಲ್ಟರ್ ಹಾಕಬೇಕು, ಮಕ್ಕಳು ಆಡುವಲ್ಲಿ ಆಂಟೆನಾ ಎಷ್ಟು ಎತ್ತರದಲ್ಲಿರಬೇಕು ಎನ್ನುವುದು ತಿಳಿದಿರಬೇಕು. ಇವನ್ನು ಲಿಖಿತ ಪರೀಕ್ಷೆಯಲ್ಲಿ ಎಷ್ಟು ಬಿಗಿಯಾಗಿ ಬೇಕಾದರೂ ಕೇಳಲಿ, ನನ್ನ ತಕರಾರಿಲ್ಲ. ಮೋರ್ಸಿನ ಡಿಟ್-ಡಾ ಬಂದವನಿಗೆ ಅರ್ಥಿಂಗ್ ತಾನಾಗಿ ಬರುವುದಿಲ್ಲ.

"ಮೋರ್ಸ್ ಎಂಬ ಜರಡಿ ಇಲ್ಲದಿದ್ದರೆ ಬ್ಯಾಂಡ್ ಸಂತೆಯಾಗುತ್ತದೆ" ಎನ್ನುವುದು ಎರಡನೆಯದು. ಈ ಜರಡಿ ಹಿಡಿಯುವುದು ಕಿವಿಯನ್ನು, ನಡತೆಯನ್ನಲ್ಲ. ಇನ್ನೊಬ್ಬರ ಮಾತಿನ ಮೇಲೆ ಕ್ಯಾರಿಯರ್ ಒತ್ತಿ ಕೂರುವ ಕಿಡಿಗೇಡಿಗಳಲ್ಲಿ 12 ಪದದ ವೇಗದವರೇ ಇಲ್ಲವೆಂದು ಹಿರಿಯರು ಆಣೆ ಮಾಡಲಿ ನೋಡೋಣ.

ಮೂರನೆಯದು ತೂಕದ ಮಾತು: "ಆಪತ್ತಿನಲ್ಲಿ ಕೊನೆಗೆ ಕೈಹಿಡಿಯುವುದು ಮೋರ್ಸೇ." ಅರ್ಧ ಒಪ್ಪುತ್ತೇನೆ. ಬೆರಳೆಣಿಕೆಯ ಬಿಡಿಭಾಗಗಳಲ್ಲಿ ಮೋರ್ಸ್ ಟ್ರಾನ್ಸ್‌ಮಿಟರ್ ಕಟ್ಟಬಹುದು. ಮಾತು ಗೊರಗೊರದಲ್ಲಿ ಮುಳುಗಿಹೋದಾಗಲೂ ಡಿಟ್-ಡಾ ತೇಲಿ ಬರುತ್ತದೆ. ಆದರೆ 2004ರ ಡಿಸೆಂಬರಿನಲ್ಲಿ ಏನಾಯಿತು? ದೂರದ ಹ್ಯಾಮ್‌ಗಳ ಜತೆ ಸಂಪರ್ಕ ಸಾಧಿಸಲೆಂದು ಹ್ಯಾಮ್ ಭಾರತಿ ಪ್ರಸಾದ್ ಅವರ ತಂಡ ಅಂಡಮಾನಿನ ಪೋರ್ಟ್ ಬ್ಲೇರ್‌ಗೆ ಹೋಗಿತ್ತು. 26ರಂದು ಸುನಾಮಿ ಅಪ್ಪಳಿಸಿದಾಗ ಆ ತಂಡದ ಉಪಕರಣಗಳೇ ಸುದ್ದಿ ಸಾಗಿಸಿದವು. ನಮ್ಮವರು ಬದುಕಿದ್ದಾರೆಯೇ ಎಂದು ಕೇಳುವವರಿಗೆ ಹೆಸರು, ವಿಳಾಸ ಹೇಳಬೇಕಾಗಿತ್ತು. ಅದಕ್ಕೆ ಮೈಕ್‌ನಷ್ಟು ಒದಗುವುದು ಇನ್ನೊಂದಿಲ್ಲ. ಕ್ಷೀಣ ಸಿಗ್ನಲ್‌ನ ಮಾತಾದರೆ, ನೊಬೆಲ್ ಪಡೆದ ಭೌತವಿಜ್ಞಾನಿ ಜೋ ಟೇಲರ್ ಮತ್ತು ಸ್ಟೀವ್ ಫ್ರಾಂಕೆ 2017ರಲ್ಲಿ ಹೊರತಂದ ಎಫ್‌ಟಿ8 ಎಂಬ ಡಿಜಿಟಲ್ ವಿಧಾನ, ಪಳಗಿದ ಕಿವಿಗೂ ಸಿಗದ್ದನ್ನು ಲ್ಯಾಪ್‌ಟಾಪ್ ಪರದೆಯ ಮೇಲೆ ತೋರಿಸುತ್ತದೆ. ಅದಿರಲಿ, ಆಪತ್ತಿಗೆಂದೇ ಈ ಪರೀಕ್ಷೆಯಾದರೆ ಒಮ್ಮೆ ಪಾಸಾದವನನ್ನು ಮತ್ತೆಂದೂ ಪರೀಕ್ಷಿಸುವುದಿಲ್ಲವೇಕೆ? ಇಪ್ಪತ್ತು ವರ್ಷದಿಂದ ಕೀ ಮುಟ್ಟದ ಜನರಲ್‌ದಾರರು ಬೇಕಾದಷ್ಟಿದ್ದಾರೆ.

ಮೋರ್ಸ್ ಕಡ್ಡಾಯವಾಗಿದ್ದುದಕ್ಕೆ ಒಂದು ಕಾಲಕ್ಕೆ ಕಾರಣವಿತ್ತು. ಹಡಗುಗಳು 500 ಕಿಲೋಹರ್ಟ್ಸ್‌ನಲ್ಲಿ ಮೋರ್ಸ್‌ನಲ್ಲೇ ಮೊರೆಯಿಡುತ್ತಿದ್ದವು. ಅಡ್ಡ ಬಂದ ಹ್ಯಾಮ್‌ಗೆ 'ಸುಮ್ಮನಿರು' ಎಂದರೆ ಅವನಿಗೆ ಅರ್ಥವಾಗಬೇಕಿತ್ತು. 1999ರ ಫೆಬ್ರುವರಿಯಲ್ಲಿ ಹಡಗುಗಳ ಮೊರೆ ಉಪಗ್ರಹಗಳನ್ನೂ ಬಳಸುವ ವ್ಯವಸ್ಥೆಗೆ ಬದಲಾಯಿತು. 2003ರಲ್ಲಿ ಜಿನೀವಾದ ಜಾಗತಿಕ ರೇಡಿಯೋ ಸಮ್ಮೇಳನ, ಮೋರ್ಸ್ ಬೇಕೋ ಬೇಡವೋ ಆಯಾ ದೇಶವೇ ನಿರ್ಧರಿಸಲಿ ಎಂದಿತು. ಬ್ರಿಟನ್, ಜರ್ಮನಿ ಆ ವರ್ಷವೇ ಕೈಬಿಟ್ಟವು, ಅಮೆರಿಕ 2007ರಲ್ಲಿ. 2013ರ ಜುಲೈನಲ್ಲಿ ನಮ್ಮ ಟೆಲಿಗ್ರಾಂ ಕೂಡ ನಿಂತಿತು.

"ನಾವು ಕಲಿಯಲಿಲ್ಲವೇ? ಎರಡು ತಿಂಗಳ ಅಭ್ಯಾಸ ಸಾಕು" ಎನ್ನುವುದು ನಾಲ್ಕನೆಯದು. ಕಲಿಯುವುದು ಕಷ್ಟವಲ್ಲ, ನಿಜ, ಈಗ ಮೊಬೈಲೇ ಕಲಿಸುತ್ತದೆ. ಕಷ್ಟವಿರುವುದು ಪರೀಕ್ಷೆಯ ಕೋಣೆಯಲ್ಲಿ. ಮೂರು ಡಿಟ್ ಎಸ್, ನಾಲ್ಕು ಎಚ್, ಐದಾದರೆ 5. ಬಂದದ್ದು ನಾಲ್ಕೋ ಐದೋ ಎಂದು ಪೆನ್ನು ತಡೆದು ಯೋಚಿಸುವಷ್ಟರಲ್ಲಿ ಮುಂದಿನ ಮೂರಕ್ಷರ ಹೋಗಿರುತ್ತವೆ. ಬೆಂಗಳೂರಿನ ಹುಡುಗ ಮುಂದಿನ ಸಲ ಮತ್ತೆ ಬರೆಯುತ್ತಾನೆ. ರಾಯಕೋಟೆಯವನಿಗೆ ಮತ್ತೊಂದು ರಜೆ, ಪರೀಕ್ಷೆಯ ಊರಿಗೆ ಮತ್ತೊಂದು ಬಸ್ಸು, ಕೂಲಿ ಮಾಡುವವನಾದರೆ ಮತ್ತೊಂದು ದಿನದ ದುಡಿಮೆ. ಬಹಳ ಮಂದಿ ರೆಸ್ಟ್ರಿಕ್ಟೆಡ್‌ನಲ್ಲೇ ಸುಮ್ಮನಾಗುತ್ತಾರೆ. ಕಿವಿ ಮಂದವಾದವನ ಪಾಡಂತೂ ಕೇಳಬೇಡಿ. ಎಫ್‌ಟಿ8ನಲ್ಲಿ ಪರದೆ ನೋಡುತ್ತ ಲೋಕ ಸುತ್ತಬಲ್ಲವನು ಪರೀಕ್ಷೆಯಲ್ಲಿ ನಪಾಸು.

ಪರೀಕ್ಷೆ ತೆಗೆದರೆ ಮೋರ್ಸ್ ಸಾಯುತ್ತದೆ ಎನ್ನುವವರು ನವೆಂಬರಿನ ಕೊನೆಯ ಶನಿವಾರ-ಭಾನುವಾರ ರಿಸೀವರ್ ಹಚ್ಚಲಿ. ಸಿಕ್ಯೂ ವರ್ಲ್ಡ್‌ವೈಡ್ ಮೋರ್ಸ್ ಸ್ಪರ್ಧೆಯ ಗದ್ದಲದಲ್ಲಿ ಡಯಲ್ ಇಡಲು ಜಾಗ ಸಿಗುವುದಿಲ್ಲ. ಮೋರ್ಸ್ ಕಲಿಸುವ ಸಿಡಬ್ಲ್ಯು ಆಪ್ಸ್ ಕ್ಲಬ್ ಹುಟ್ಟಿದ್ದು 2010ರಲ್ಲಿ, ಅಮೆರಿಕ ಪರೀಕ್ಷೆ ಬಿಟ್ಟ ಮೇಲೆ.

ಕೊನೆಯ ಮಾತು ಜಾಣರದು. "ಹ್ಯಾಮ್‌ಗಳನ್ನು ತಡೆದಿರುವುದು ಮೋರ್ಸಲ್ಲ, ಪೊಲೀಸ್ ಪರಿಶೀಲನೆ, ಲೈಸೆನ್ಸಿನ ಕಾಯುವಿಕೆ, ವಿದೇಶಿ ರಿಗ್‌ನ ಬೆಲೆ." ಅಕ್ಷರಶಃ ನಿಜ. ಅರ್ಜಿ ಹಾಕಿ ತಿಂಗಳುಗಟ್ಟಲೆ ಕಾದು ಆಸೆಯೇ ಬತ್ತಿದವರನ್ನು ಕಂಡಿದ್ದೇನೆ. ಎಚ್‌ಎಫ್ ರಿಗ್‌ನ ಬೆಲೆಗೆ ಇಲ್ಲಿ ಒಳ್ಳೆಯ ಎಮ್ಮೆ ಬರುತ್ತದೆ. ಆದರೆ ಪೊಲೀಸ್ ಪರಿಶೀಲನೆ ಸರಿಯಾಗಲು ಎರಡು ಮೂರು ಇಲಾಖೆಗಳು ಒಪ್ಪಬೇಕು, ಬೆಲೆ ಇಳಿಯಲು ಸುಂಕ ಇಳಿಯಬೇಕು. ಮೋರ್ಸ್ ಷರತ್ತು ತೆಗೆಯಲು ಗೆಜೆಟ್‌ನ ಒಂದು ಅಧಿಸೂಚನೆ ಸಾಕು, ಸರ್ಕಾರಕ್ಕೆ ಬಿಡಿಗಾಸಿನ ಖರ್ಚಿಲ್ಲ. ಮೋರ್ಸ್ ಬಲ್ಲವರಿಗೆ ಬೇಕಿದ್ದರೆ ಪರೀಕ್ಷೆ ಮಾಡಿ ಲೈಸೆನ್ಸಿನ ಮೇಲೆ ಹಾಗೆಂದು ನಮೂದಿಸಲಿ. ಅಂಥ ನಮೂದಿಗೆ ನಾನೇ ಮೊದಲು ಅರ್ಜಿ ಹಾಕುತ್ತೇನೆ.